ತಗಡಿನ ಕೋಣೆ, ಕಲ್ಲಿನ ಶಾಲೆ

"ಗುರುಗಳೇ, ಶಾಲೆಗೆ ಮಕ್ಕಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. ಅವರಿಗೆ ಬಿಚ್ಚಿ ಜೋಡಿಸುವ ತಗಡಿನ ಕೋಣೆ ಸಾಕೋ, ಕಲ್ಲಿನ ಕಟ್ಟಡವೇ ಆಗಬೇಕೋ?" ಎಂದು ಮಹಾಂತಯ್ಯ ಕೇಳಿದ.

ಮಹಾಂತಯ್ಯ ಮಠದ ಶಾಲೆಯ ಹಿರಿಯ ಉಪಾಧ್ಯಾಯ. ಗುರುಗಳ ಬಳಿಯೇ ಕಲಿತು ಅವರ ಬಳಿಯೇ ಉಳಿದವನು. ಮಠದ ಹಳೆಯ ಪಡಸಾಲೆಯಲ್ಲಿ ಅವನ ಪಾಠ ನಡೆಯುತ್ತಿತ್ತು. ಅಲ್ಲಿ ಜಾಗ ಸಾಲದೆ ಬಂದಾಗ ಹಿತ್ತಿಲಲ್ಲಿ ತಗಡಿನ ಕೋಣೆಗಳನ್ನು ನಿಲ್ಲಿಸಿದ್ದರು. ಅವುಗಳಲ್ಲಿ ಗುರುಶಾಂತ ಎಂಬ ಕಿರಿಯ ಶಿಷ್ಯ ಪಾಠ ಹೇಳುತ್ತಿದ್ದ. ಈಚೆಗೆ ಮಗುವನ್ನು ಸೇರಿಸಲು ಬಂದವರು ಮೊದಲು ಗುರುಶಾಂತ ಎಲ್ಲಿದ್ದಾನೆ ಎಂದು ವಿಚಾರಿಸುತ್ತಿದ್ದರು.

ನಿನಗೇನು ಅನ್ನಿಸುತ್ತದೆ ಎಂದು ಗುರುಗಳು ಕೇಳಿದರು. ತಗಡು ಬಿಸಿಲಿಗೆ ಕಾಯುತ್ತದೆ, ಮಳೆ ಬಂದರೆ ಪಾಠ ಕೇಳಿಸುವುದಿಲ್ಲ, ಮಠದ ಘನತೆಗೂ ಅದು ಒಪ್ಪುವಂಥದಲ್ಲ ಎಂದು ಮಹಾಂತಯ್ಯ ಹೇಳಿದ. ಹೊಸ ಕಟ್ಟಡಕ್ಕೆ ಪಾಯ ತೆಗೆದ ಕೂಡಲೇ ಆ ಕೋಣೆಗಳನ್ನು ಬಿಚ್ಚಿ ಶಾಖಾಮಠಕ್ಕೆ ಕಳಿಸಿಬಿಡಬಹುದು ಎಂದೂ ಹೇಳಿದ. ಇಷ್ಟು ಹೊತ್ತು ಮಾತಾಡಿದರೂ ಗುರುಶಾಂತನ ಹೆಸರನ್ನು ಅವನು ಒಮ್ಮೆಯೂ ಎತ್ತಲಿಲ್ಲ.

ಗುರುಗಳು ಅವನಿಗೆ ಕುಳಿತುಕೊಳ್ಳಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮಾಸ್ತರ ಇದ್ದ. ಅವನ ಹೆಸರು ರಾಚಪ್ಪ. ಅವನು ಆ ಊರಿಗೆ ಬಂದಾಗ ಅಲ್ಲಿ ಶಾಲೆ ಎನ್ನುವುದಕ್ಕೆ ಗೋಡೆ ಇರಲಿಲ್ಲ. ಮಕ್ಕಳು ಗುಡಿಯ ಕಟ್ಟೆಯ ಮೇಲೆ ಕೂರುತ್ತಿದ್ದರು. ಪೂಜೆಗೆ ಜನ ಬಂದರೆ ಪಾಠ ಬಿಟ್ಟು ಎದ್ದು ಹೋಗುತ್ತಿದ್ದರು. ರಾಚಪ್ಪ ಮನೆಮನೆ ತಿರುಗಿ ಕಲ್ಲು ಬೇಡಿದ, ತೊಲೆ ಬೇಡಿದ, ಆಳು ಬೇಡಿದ. ತಾನೂ ಮಣ್ಣು ಹೊತ್ತ. ಕೊನೆಗೆ ಮೂರು ಕೋಣೆಯ ಶಾಲೆ ಎದ್ದಿತು. ಜನ ಅದನ್ನು ರಾಚಪ್ಪ ಮಾಸ್ತರನ ಶಾಲೆ ಎಂದು ಕರೆದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವನಿಗೆ ಉಂಡಷ್ಟು ತೃಪ್ತಿಯಾಗುತ್ತಿತ್ತು.

ಅವನು ಒಳ್ಳೆಯ ಮಾಸ್ತರ. ಅದನ್ನು ಮೊದಲೇ ಹೇಳಿಬಿಡಬೇಕು. ಆ ಊರಿನಲ್ಲಿ ಓದು ಬರಹ ಬಲ್ಲವರೆಲ್ಲ ಅವನ ಕೈಯಲ್ಲೇ ಕಲಿತವರು.

ಹೀಗಿರುವಾಗ ಊರ ಪಕ್ಕದ ಗುಡ್ಡದಲ್ಲಿ ಕಲ್ಲುಗಣಿ ತೆರೆಯಿತು. ದೂರದ ಊರುಗಳಿಂದ ಕಲ್ಲು ಒಡೆಯುವವರು ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಬಂದರು. ಗುಡ್ಡದ ಬುಡದಲ್ಲಿ ಗುಡಿಸಲು ಹಾಕಿದರು. ಮಕ್ಕಳು ಶಾಲೆಗೆ ಬಂದರು. ಮೂರು ಕೋಣೆ ತುಂಬಿತು. ಜಗಲಿ ತುಂಬಿತು. ಆಮೇಲೆ ಬಂದವರು ಕಿಟಕಿಯ ಹೊರಗೆ ನಿಂತು ಪಾಠ ಕೇಳಿದರು. ರಾಚಪ್ಪನಿಗೆ ಅದು ಹೆಮ್ಮೆಯೇ ಆಗಿತ್ತು. ತನ್ನ ಶಾಲೆಯ ಕಿಟಕಿಗೂ ಜನ ಮುಗಿಬೀಳುತ್ತಾರೆ ಎಂದುಕೊಂಡ. ಆದರೆ ಹೊರಗೆ ನಿಂತ ಮಗು ಎಷ್ಟು ದಿನ ನಿಂತೀತು? ಅವನು ತಾಲೂಕಿನ ಕಚೇರಿಗೆ ಹೋಗಿ ಇನ್ನೂ ಕೋಣೆ ಬೇಕೆಂದು ಕೇಳಿದ.

ಕಟ್ಟಡಕ್ಕೆ ಕಾಲ ಹಿಡಿಯುತ್ತದೆ ಎಂದು ಕಚೇರಿಯವರು ಹೇಳಿದರು. ಅಲ್ಲಿಯವರೆಗೆ ಇರಲಿ ಎಂದು ಲಾರಿಯಲ್ಲಿ ಕಬ್ಬಿಣದ ಚೌಕಟ್ಟು, ತಗಡು, ಹಲಗೆ ಕಳಿಸಿದರು. ಲಾರಿಯ ಜೊತೆ ಬಂದ ಆಳುಗಳು ಸಂಜೆಯೊಳಗೆ ಅವನ್ನು ಜೋಡಿಸಿ ಕೋಣೆಗಳನ್ನು ನಿಲ್ಲಿಸಿ ಹೋದರು. ರಾಚಪ್ಪ ಅವುಗಳ ಸುತ್ತ ಒಂದು ಸುತ್ತು ಹಾಕಿ ನಕ್ಕ. ಇವು ಶಾಲೆಯಲ್ಲ, ಡಬ್ಬಿಗಳು ಎಂದ. ಅವುಗಳಿಗೆ ಆ ಹೆಸರೇ ನಿಂತಿತು.

ಆ ಡಬ್ಬಿಗಳಲ್ಲಿ ಕಲಿಸಲು ಒಬ್ಬ ಹೆಣ್ಣುಮಗಳು ಬಂದಳು. ಅವಳ ಹೆಸರು ನೀಲಗಂಗಾ. ಮಕ್ಕಳು ಅವಳನ್ನು ಅಕ್ಕೋರು ಎಂದು ಕರೆದರು.

ಬೇಸಿಗೆಯಲ್ಲಿ ತಗಡು ಮುಟ್ಟಲಾಗದಷ್ಟು ಕಾಯಿತು. ನೀಲಗಂಗಾ ಗೋಣಿತಾಟು ನೆನೆಸಿ ಬಾಗಿಲಿಗೆ ಇಳಿಬಿಟ್ಟಳು. ಗೋಡೆಯ ಬುಡದಲ್ಲಿ ಸೋರೆ ಬೀಜ ಹಾಕಿ ಬಳ್ಳಿಯನ್ನು ತಗಡಿನ ಮೇಲೆ ಹಬ್ಬಿಸಿದಳು. ಗಣಿಗೆ ಹೋಗುವ ತಾಯಂದಿರು ಬೆಳಕು ಹರಿಯುತ್ತಲೇ ಮನೆ ಬಿಡುತ್ತಿದ್ದರು. ಅವಳು ಆ ಹೊತ್ತಿಗೇ ಶಾಲೆ ತೆರೆದಳು. ಮಳೆ ಬಿದ್ದು ಮಾತು ಕೇಳಿಸದಾದಾಗ ಮಕ್ಕಳಿಗೆ ಚಿತ್ರ ಬರೆಯಲು ಹೇಳಿದಳು. ಮಕ್ಕಳು ಮಳೆಗೆ ಕಾಯತೊಡಗಿದರು.

ಲೆಕ್ಕದಲ್ಲಿ ಅವಳು ರಾಚಪ್ಪನಷ್ಟು ಗಟ್ಟಿ ಇರಲಿಲ್ಲ. ತನಗೆ ಬಾರದ ಲೆಕ್ಕವನ್ನು ಅವನ ಬಳಿ ಬಂದು ಕೇಳುತ್ತಿದ್ದಳು. ಅವನು ಬಿಡಿಸಿ ತೋರಿಸುತ್ತಿದ್ದ. ಇದನ್ನು ಹಿರಿಯ ಮಾಸ್ತರರು ಹೇಳಿಕೊಟ್ಟರು ಎಂದು ಅವಳು ಮಕ್ಕಳಿಗೆ ಹೇಳಿಯೇ ಆ ಲೆಕ್ಕ ಕಲಿಸುತ್ತಿದ್ದಳು. ಅದು ಅವನ ಕಿವಿಗೂ ಬೀಳುತ್ತಿತ್ತು. ಅವಳು ಕೆಟ್ಟವಳಾಗಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಒಳ್ಳೆಯವಳಾದ್ದರಿಂದ ಸಿಟ್ಟು ಮಾಡಲು ಕಾರಣ ಸಿಗಲಿಲ್ಲ. ಕಾರಣ ಸಿಗದ ಸಿಟ್ಟು ಒಳಗೇ ಉಳಿಯಿತು.

ತಗಡಿನ ಕೋಣೆಗಳಿಂದ ಮಗ್ಗಿ ಹೇಳುವ ದನಿ ಕೇಳಿಸುತ್ತಿತ್ತು. ನಗು ಕೇಳಿಸುತ್ತಿತ್ತು. ರಾಚಪ್ಪನ ಮುಂದೆ ಕೂತ ಮಕ್ಕಳ ಮುಖ ಕಿಟಕಿಯ ಕಡೆ ತಿರುಗುತ್ತಿತ್ತು. ಒಂದು ದಿನ ಅವನು ಎದ್ದು ಆ ಕಡೆಯ ಕಿಟಕಿಗಳನ್ನೆಲ್ಲ ಮುಚ್ಚಿದ. ಹಲಗೆಯ ಮೇಲಿನ ಅಕ್ಷರ ಕಾಣುವುದಿಲ್ಲ ಎಂದು ಹಿಂದಿನ ಸಾಲಿನವರು ಹೇಳಿದರು. ಕೇಳಿಸಿಕೊಂಡು ಬರೆಯಿರಿ ಎಂದ. ಅಂದಿನಿಂದ ಕಲ್ಲಿನ ಶಾಲೆಯಲ್ಲಿ ಹಗಲಲ್ಲೂ ಮಬ್ಬು.

ಊರಿನಲ್ಲಿ ಒಬ್ಬ ಮುದುಕ ಇದ್ದ. ಅವನ ಮಕ್ಕಳೆಲ್ಲ ರಾಚಪ್ಪನ ಬಳಿ ಓದಿದವರು. ರಾಚಪ್ಪ ಅಂದು ಕಲ್ಲು ಬೇಡಲು ಹೊರಟಾಗ ಮೊದಲು ಗಾಡಿ ಕೊಟ್ಟವನೂ ಅವನೇ. ಆ ಮುದುಕ ಮೊಮ್ಮಗನ ಕೈ ಹಿಡಿದುಕೊಂಡು ಬಂದ. ರಾಚಪ್ಪ ಎದ್ದು ನಿಂತು ಬರಮಾಡಿಕೊಂಡ. ಮುದುಕ ಸಂಕೋಚಪಡುತ್ತಲೇ, ಇವನನ್ನು ಅಕ್ಕೋರ ಹತ್ತಿರ ಕೂರಿಸಿದರೆ ಚೆನ್ನಾಗಿತ್ತು, ಹುಡುಗ ಅದನ್ನೇ ಹಟ ಹಿಡಿದಿದ್ದಾನೆ ಎಂದ. ರಾಚಪ್ಪ ಆಗಲಿ ಎಂದ. ಅವರು ಅತ್ತ ಹೋದ ಮೇಲೆ ಬಹಳ ಹೊತ್ತು ಅವನಿಗೆ ಪಾಠ ಎಲ್ಲಿಗೆ ನಿಂತಿತ್ತು ಎಂಬುದೇ ನೆನಪಾಗಲಿಲ್ಲ.

ಅದೇ ವಾರ ಅವನು ಊರವರನ್ನೂ ಗಣಿಯವರನ್ನೂ ಶಾಲೆಯ ಅಂಗಳಕ್ಕೆ ಕರೆದ. ಕಲ್ಲಿನ ದೊಡ್ಡ ಕಟ್ಟಡ ಕಟ್ಟಬೇಕು ಎಂದ. ಎಷ್ಟು ಮಕ್ಕಳು ಬಂದರೂ ಇಲ್ಲ ಎನ್ನದಷ್ಟು ದೊಡ್ಡದು ಕಟ್ಟಬೇಕು ಎಂದ. ತಗಡಿನೊಳಗೆ ಮಕ್ಕಳು ಬೇಯುತ್ತಿದ್ದಾರೆ ಎಂದ. ಗಾಳಿ ಜೋರಾಗಿ ಬೀಸಿದ ದಿನ ತಗಡು ಹಾರಿ ಯಾರ ಕುತ್ತಿಗೆಗೆ ಬೀಳುತ್ತದೋ ಎಂದ. ಆಮೇಲೆ ಗಣಿಯವರ ಕಡೆ ತಿರುಗಿ ಹೇಳಿದ:

"ನೀವು ಒಡೆದ ಕಲ್ಲಿನಲ್ಲಿ ಯಾವ ಯಾವ ಊರಿನಲ್ಲೋ ಮಹಡಿಗಳು ಏಳುತ್ತವೆ. ನಿಮ್ಮ ಮಕ್ಕಳು ಮಾತ್ರ ಡಬ್ಬಿಯಲ್ಲಿ ಕೂರಬೇಕೇ?"

ದುರುಗಪ್ಪ ಎಂಬ ಕಲ್ಲುಕುಟಿಗ ಎದ್ದು ನಿಂತ. ಅವನ ಮಗಳು ಹುಲಿಗೆವ್ವ ತಗಡಿನ ಕೋಣೆಯಲ್ಲಿ ಓದುತ್ತಿದ್ದಳು. ಬಿಡುವಿದ್ದ ದಿನವೆಲ್ಲ ಬಂದು ಕಲ್ಲು ಕಟೆದು ಕೊಡುತ್ತೇನೆ, ಕೂಲಿ ಬೇಡ ಎಂದ. ಅವನ ಹಿಂದೆ ಉಳಿದವರೂ ಎದ್ದರು.

ರಾಚಪ್ಪ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ. ಅವನಿಗೂ ಅದು ಗೊತ್ತಿತ್ತು. ಹಾಗಾಗಿ ತನ್ನ ಮನಸ್ಸನ್ನು ತಾನು ಪರೀಕ್ಷಿಸಿಕೊಳ್ಳುವ ಅಗತ್ಯ ಅವನಿಗೆ ಕಾಣಲಿಲ್ಲ.

ನೀಲಗಂಗಾ ಅಡ್ಡ ಬರುತ್ತಾಳೆ ಎಂದು ಅವನು ಎಣಿಸಿದ್ದ. ಅಡ್ಡ ಬಂದಿದ್ದರೆ ಅವನಿಗೆ ಸಂತೋಷವಾಗುತ್ತಿತ್ತು. ಅವಳು ಬರಲಿಲ್ಲ. ಪಾಯ ತೆಗೆಯುವ ದಿನ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮಣ್ಣು ಹೊತ್ತಳು. ತನ್ನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೈಯಿಂದ ಕೈಗೆ ಕಲ್ಲು ಸಾಗಿಸಿದಳು. ಜನ ಅದನ್ನು ನೋಡಿ ಅಕ್ಕೋರು ಬಂದ ಮೇಲೆ ಊರಿಗೆ ಒಳ್ಳೆಯದಾಯಿತು ಎಂದರು. ಸಭೆ ಕರೆದವನು ರಾಚಪ್ಪ. ಹೊಗಳಿಕೆ ಅವಳ ಕಡೆ ಹೋಯಿತು. ಅಂದು ಅವನಿಗೆ ಅನ್ನ ಸೇರಲಿಲ್ಲ.

ಸಂಜೆ ಅವಳು ಅವನ ಬಳಿ ಬಂದು ಒಂದೇ ಮಾತು ಕೇಳಿಕೊಂಡಳು.

"ಮಾಸ್ತರೇ, ಹೊಸ ಕಟ್ಟಡಕ್ಕೆ ಚಾವಣಿ ಹಾಕುವವರೆಗೆ ಈ ಕೋಣೆಗಳು ಇರಲಿ. ನಮ್ಮ ಮಕ್ಕಳು ಶಾಲೆಗೆ ಈಗ ತಾನೇ ಹೊಂದಿಕೊಂಡಿದ್ದಾರೆ. ಒಮ್ಮೆ ಬಿಟ್ಟರೆ ಗಣಿ ಅವರನ್ನು ಎಳೆದುಕೊಳ್ಳುತ್ತದೆ."

ರಾಚಪ್ಪ ತಲೆ ಆಡಿಸಿದ.

ಗೋಡೆಗಳು ಮೊಣಕಾಲೆತ್ತರಕ್ಕೆ ಬಂದಾಗ ಕಚೇರಿಯಿಂದ ಒಬ್ಬ ಅಧಿಕಾರಿ ನೋಡಲು ಬಂದ. ನೀಲಗಂಗಾ ಆ ದಿನ ಊರಲ್ಲಿರಲಿಲ್ಲ. ಅಧಿಕಾರಿ ಕೆಲಸ ನೋಡಿ ಮೆಚ್ಚಿದ. ಇನ್ನೊಂದು ಊರಿನಲ್ಲೂ ಮಕ್ಕಳು ಹೊರಗೆ ಕೂರುತ್ತಿದ್ದಾರೆ, ಅವರೂ ತಗಡಿನ ಕೋಣೆ ಕೇಳುತ್ತಿದ್ದಾರೆ ಎಂದ. ಇಲ್ಲಿನವು ನಿಮಗೆ ಇನ್ನೂ ಬೇಕೇ ಎಂದು ಕೇಳಿದ. ಬೇಕು ಎಂದಿದ್ದರೆ ಅವನು ಬಂದ ದಾರಿಯಲ್ಲೇ ಹೋಗುತ್ತಿದ್ದ. ತಗಡಿನ ಕೋಣೆಯಿಂದ ಆಗ ಮಕ್ಕಳು ಓದುವ ದನಿ ಕೇಳಿಸುತ್ತಿತ್ತು. ಅಕ್ಕೋರು ಇಲ್ಲದಿದ್ದರೂ ಅವರೇ ಒಬ್ಬರಿಗೊಬ್ಬರು ಪಾಠ ಹೇಳಿಕೊಳ್ಳುತ್ತಿದ್ದರು. ರಾಚಪ್ಪ ಆ ದನಿಯನ್ನು ಕೇಳಿದ.

"ಬೇಡ" ಎಂದ.

ಲಾರಿ ಬಂದಿತು. ಆಳುಗಳು ಸೋರೆ ಬಳ್ಳಿಯನ್ನು ಕುಡುಗೋಲಿನಿಂದ ಕೊಯ್ದು ತಗಡು ಬಿಚ್ಚಿದರು. ನೀಲಗಂಗಾ ಓಡಿ ಬಂದು ಯಾರು ಹೇಳಿದರು ಎಂದು ಕೇಳಿದಳು. ಇಲ್ಲಿಯ ಹೆಡ್ ಮಾಸ್ತರರೇ ಬೇಡ ಎಂದರಂತೆ ಎಂದು ಲಾರಿಯವನು ಹೇಳಿದ. ಅವಳು ತಿರುಗಿ ರಾಚಪ್ಪನನ್ನು ನೋಡಿದಳು. ಊರವರಿಗೆ ಈ ವಿಷಯ ಗೊತ್ತಾಗಲಿಲ್ಲ. ಅವಳು ಹೇಳಲಿಲ್ಲ. ಕಚೇರಿಯವರು ಕೊಟ್ಟಿದ್ದನ್ನು ಕಚೇರಿಯವರು ಒಯ್ದರು ಎಂದೇ ಜನ ತಿಳಿದರು.

ಅವಳು ಮೊಣಕಾಲೆತ್ತರದ ಗೋಡೆಗಳ ನಡುವೆ ಮಕ್ಕಳನ್ನು ಕೂರಿಸಿದಳು. ಬಿಸಿಲು ಏರಿದರೆ ಗೋಡೆಯ ನೆರಳಿಗೆ ಸರಿಸಿದಳು. ನಡುಹಗಲಿಗೆ ನೆರಳೂ ಇರುತ್ತಿರಲಿಲ್ಲ. ಮಳೆಗಾಲ ಬಂದಿತು. ಗಾರೆ ಕೆಲಸ ನಿಂತಿತು. ಕಲ್ಲಿನ ಶಾಲೆಯ ಜಗಲಿಯಲ್ಲಿ ಹಿಡಿಸಿದಷ್ಟು ಮಕ್ಕಳು ಕೂತರು. ಹಿಡಿಸದವರನ್ನು ತಾಯಂದಿರು ಜೊತೆಗೆ ಗಣಿಗೆ ಕರೆದುಕೊಂಡು ಹೋದರು. ಮನೆಯಲ್ಲಿ ಒಬ್ಬರೇ ಬಿಡುವುದು ಹೇಗೆ? ಗಣಿಯಲ್ಲಿ ಸುಮ್ಮನೆ ಕೂತ ಮಗುವಿನ ಕೈಗೆ ಯಾರೋ ಸುತ್ತಿಗೆ ಕೊಟ್ಟರು. ಇನ್ನೊಂದು ಮಗುವಿನ ಕೈಗೆ ಬುಟ್ಟಿ ಕೊಟ್ಟರು. ಹುಲಿಗೆವ್ವ ಜಲ್ಲಿ ಹೊರತೊಡಗಿದಳು.

ನೀಲಗಂಗಾ ಬೆಳಿಗ್ಗೆ ಎದ್ದು ಗುಡಿಸಲುಗಳಿಗೆ ಹೋಗಿ ಕರೆದಳು. ಎಲ್ಲಿ ಕೂರಿಸುತ್ತೀರಿ ಅಕ್ಕೋರೇ ಎಂದು ತಾಯಂದಿರು ಕೇಳಿದರು. ಮಳೆಗಾಲ ಮುಗಿಯುವ ಮೊದಲೇ ಕಚೇರಿಯವರು ಅವಳನ್ನೂ ಆ ಇನ್ನೊಂದು ಊರಿಗೆ ಕಳಿಸಿದರು. ಕೋಣೆಗಳು ಅಲ್ಲಿದ್ದವು. ಕಲಿಸುವವರು ಇರಲಿಲ್ಲ.

ಅವಳು ಹೋದ ದಿನ ರಾಚಪ್ಪ ಕಿಟಕಿಗಳನ್ನು ತೆರೆದ.

ಕಟ್ಟಡ ಮುಗಿಯಿತು. ಸುತ್ತಲಿನ ಯಾವ ಊರಿನಲ್ಲೂ ಅಂಥ ಶಾಲೆ ಇರಲಿಲ್ಲ. ಉದ್ದದ ಪಡಸಾಲೆ, ಎತ್ತರದ ಚಾವಣಿ, ಗಾಳಿ ಬೆಳಕಿಗೆ ಕೊರತೆ ಇಲ್ಲ. ಬಾಗಿಲ ಮೇಲಿನ ಕಲ್ಲಿನಲ್ಲಿ ದುರುಗಪ್ಪನೇ ರಾಚಪ್ಪನ ಹೆಸರು ಕೆತ್ತಿದ. ಪ್ರಾರಂಭದ ದಿನ ಜನ ಹಾರ ಹಾಕಿದರು. ದುರುಗಪ್ಪನೂ ಬಂದಿದ್ದ. ಮಗಳು ಎಲ್ಲಿ ಎಂದು ಯಾರೋ ಕೇಳಿದರು. ಅವಳೀಗ ಕೆಲಸಕ್ಕೆ ಹೊಂದಿಕೊಂಡಿದ್ದಾಳೆ, ಮನೆಗೂ ಆಸರೆಯಾಗಿದೆ ಎಂದು ದುರುಗಪ್ಪ ಹೇಳಿದ. ಬೇಸರದಿಂದ ಹೇಳಲಿಲ್ಲ. ಇದ್ದದ್ದನ್ನು ಹೇಳಿದ.

ಹೊಸ ಕಟ್ಟಡದಲ್ಲಿ ಕೋಣೆಗಳು ಖಾಲಿ ಉಳಿದವು. ರಾಚಪ್ಪ ಮಕ್ಕಳನ್ನು ದೂರ ದೂರ ಕೂರಿಸಿ ನೋಡಿದ. ಆದರೂ ಉಳಿದವು. ಪಾಠ ಮಾಡಿದರೆ ಖಾಲಿ ಕೋಣೆಗಳಿಂದ ಅವನದೇ ದನಿ ಮರಳಿ ಬರುತ್ತಿತ್ತು. ಕೊನೆಗೆ ಒಂದು ದಿನ ಅವನೇ ಗಣಿಗೆ ಹೋದ.

ಹುಲಿಗೆವ್ವ ತಲೆಯ ಮೇಲೆ ಸಿಂಬೆ ಇಟ್ಟುಕೊಂಡು ಬುಟ್ಟಿ ಹೊರುತ್ತಿದ್ದಳು. ಅವನನ್ನು ನೋಡಿ ಬುಟ್ಟಿ ಇಳಿಸಿದಳು. ಶಾಲೆ ಸಿದ್ಧವಾಗಿದೆ, ನಿನ್ನ ಅಪ್ಪ ಕಟೆದ ಕಲ್ಲಿನದೇ ಶಾಲೆ, ನಾಳೆಯಿಂದ ಬಾ ಎಂದು ಅವನು ಹೇಳಿದ. ಅವಳ ಮುಖ ಅರಳಿತು.

"ಅಕ್ಕೋರು ಬಂದಾರೇನ್ರಿ?" ಎಂದು ಕೇಳಿದಳು.

"ಅವರು ಬರೋದಿಲ್ಲ. ನಾನು ಇದ್ದೀನಲ್ಲ" ಎಂದ ರಾಚಪ್ಪ.

ಅವಳು ಅವನ ಮೇಲೆ ಸಿಟ್ಟಾಗಲಿಲ್ಲ. ತಲೆ ಬಗ್ಗಿಸಿದಳು. ಆಮೇಲೆ ಬುಟ್ಟಿಯನ್ನು ಎತ್ತಿಕೊಡಿ ಎಂದು ಪಕ್ಕದವಳನ್ನು ಕರೆದಳು.

ರಾಚಪ್ಪನಿಗೆ ಅಂದು ತಾನು ಮಾಡಿದ್ದು ಏನೆಂದು ತಿಳಿಯಿತು. ಅವನು ಮೂರ್ಖನಲ್ಲ. ನೀಲಗಂಗಾಳನ್ನು ಮರಳಿ ಕರೆತಂದರೆ ಮಕ್ಕಳು ಬರುತ್ತಾರೆ ಎಂಬುದೂ ತಿಳಿಯಿತು. ಕಚೇರಿಯಲ್ಲಿ ಅವನ ಮಾತಿಗೆ ಬೆಲೆ ಇತ್ತು. ಕೇಳಿದರೆ ಕಳಿಸುತ್ತಿದ್ದರು. ಮೊದಲು ಅವಳನ್ನೇ ಕೇಳೋಣ, ತಪ್ಪಾಯಿತು ಎಂದು ಹೇಳೋಣ ಎಂದುಕೊಂಡು ರಜೆ ಹಾಕಿ ಆ ಇನ್ನೊಂದು ಊರಿಗೆ ಹೊರಟ.

ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡ. ಊರ ಹೊರಗೆ ತಗಡಿನ ಕೋಣೆಗಳು ಕಂಡವು. ಹತ್ತಿರ ಹೋದ. ಬಾಗಿಲಿಗೆ ಒದ್ದೆ ಗೋಣಿತಾಟು ಇಳಿಬಿಟ್ಟಿತ್ತು. ಒಳಗೆ ಪಾಠ ನಡೆಯುತ್ತಿತ್ತು. ಅವನು ಹೊರಗೆ ನಿಂತ. ಅವಳು ಏನೋ ಹೇಳಿದಳು. ಮಕ್ಕಳೆಲ್ಲ ಒಟ್ಟಿಗೆ ನಕ್ಕರು. ಒಬ್ಬ ಹುಡುಗ ಎದ್ದು ಲೆಕ್ಕವೊಂದನ್ನು ಬಿಡಿಸಿ ಹೇಳಿದ. ಅದು ರಾಚಪ್ಪನೇ ಅವಳಿಗೆ ತೋರಿಸಿಕೊಟ್ಟ ರೀತಿಯಾಗಿತ್ತು. ಇದನ್ನು ನಮ್ಮ ಹಿರಿಯ ಮಾಸ್ತರರು ನನಗೆ ಕಲಿಸಿದರು ಎಂದು ಅವಳು ಹೇಳಿದ್ದೂ ಕೇಳಿಸಿತು.

ಗೋಣಿತಾಟು ಸರಿಸಿ ಒಳಗೆ ಹೋಗುವುದಷ್ಟೇ ಉಳಿದಿತ್ತು. ಅವಳನ್ನು ಕರೆದುಕೊಂಡು ಹೋದರೆ ಆ ದೊಡ್ಡ ಕಟ್ಟಡದಲ್ಲೂ ಈ ನಗುವೇ ಕೇಳಿಸುತ್ತದೆ ಎಂದು ಅವನಿಗೆ ಹೊಳೆಯಿತು. ತನ್ನ ಹೆಸರು ಕೆತ್ತಿದ ಬಾಗಿಲಿನಿಂದ ಒಳಗೆ ಬಂದವರು ಅಕ್ಕೋರು ಯಾವ ಕೋಣೆಯಲ್ಲಿದ್ದಾರೆ ಎಂದು ಕೇಳುತ್ತಾರೆ ಎಂದೂ ಹೊಳೆಯಿತು. ಕೈ ಮುಂದೆ ಹೋಗಲಿಲ್ಲ. ಒಳಗಿನಿಂದ ಯಾರಾದರೂ ನೋಡಿಯಾರು ಎಂದು ಅವನು ಕೋಣೆಯ ಹಿಂಬದಿಯಿಂದ ಸುತ್ತಿ ದಾರಿಗೆ ಬಂದ. ಊರಿಗೆ ಹಿಂದಿರುಗಿದ.

ಆಮೇಲೆ ಬಹಳ ವರ್ಷ ಆ ಕಟ್ಟಡದಲ್ಲಿ ಪಾಠ ಮಾಡಿದ. ಹುಲಿಗೆವ್ವ ಗಣಿಯಲ್ಲೇ ಬೆಳೆದಳು, ಅಲ್ಲೇ ಮದುವೆಯಾದಳು. ಅವಳ ಮಗು ಆ ಶಾಲೆಗೆ ಬಂತು. ಆ ಮಗುವಿನ ಹೆಸರು ಬರೆಸುವಾಗ ಅವಳು ಹೆಬ್ಬೆಟ್ಟು ಒತ್ತಿದಳು. ಅಕ್ಷರ ಮರೆತುಹೋಗಿದೆ ಮಾಸ್ತರೇ ಎಂದು ನಕ್ಕಳು. ಅವಳ ಬೆರಳಿಗೆ ಮಸಿ ಹಚ್ಚಿದವನು ರಾಚಪ್ಪನೇ. ಅವನಿಂದ ನಗಲಾಗಲಿಲ್ಲ. ಆ ಊರವರು ಇಂದಿಗೂ ಅವನನ್ನು ಹೊಗಳುತ್ತಾರೆ. ಅವನಿಲ್ಲದಿದ್ದರೆ ನಮಗೆಲ್ಲಿ ಇಂಥ ಶಾಲೆ ಎನ್ನುತ್ತಾರೆ. ಅದು ನಿಜವೂ ಹೌದು.

ಗುರುಗಳು ಕತೆ ನಿಲ್ಲಿಸಿದರು. ಹಿತ್ತಿಲಲ್ಲಿ ಮಕ್ಕಳು ಓದುತ್ತಿದ್ದರು. ಮಹಾಂತಯ್ಯ ನೆಲ ನೋಡುತ್ತ ಕೂತಿದ್ದ. ಹಾಗಾದರೆ ಕಲ್ಲಿನ ಕಟ್ಟಡ ಕಟ್ಟಿಸುವುದು ತಪ್ಪೇ ಎಂದು ಕೇಳಿದ.

"ತಪ್ಪಲ್ಲ, ನಾವೂ ಕಲ್ಲಿನದನ್ನೇ ಕಟ್ಟಿಸೋಣ, ತಗಡಿನ ಕೋಣೆಗಳನ್ನು ಯಾವತ್ತು ಬಿಚ್ಚಬೇಕು ಎಂಬುದನ್ನು ಮಾತ್ರ ಗುರುಶಾಂತ ಹೇಳಲಿ" ಎಂದರು ಗುರುಗಳು.